ದುಬೈ ಎಷ್ಟು ದೂರ ಆಯ್ತದೆ ಕೂಸೇ?

ಇದನ್ನು ನಾವು ಅಕ್ಕ ತಮ್ಮ ಇಬ್ಬರೂ ಸೇರಿ ಬರೆಯುತ್ತಿದ್ದೇವೆ. ನಮ್ಮ ಮನೆ ಮಸಿನಗುಡಿಯಲ್ಲಿ. ಅಪ್ಪ ದುಬೈನಲ್ಲಿ ಎ.ಸಿ. ಮೆಕ್ಯಾನಿಕ್. ನಮ್ಮ ಧರ್ಮಕೇಂದ್ರದಲ್ಲಿ ಮನೆಯ ಒಬ್ಬರು ಹೊರದೇಶದಲ್ಲಿರುವ ಕುಟುಂಬಗಳು ಇನ್ನೂ ಇವೆ. ಅವರಿಗೆ ಇದು ಹೊಸ ವಿಷಯ ಅಲ್ಲ. ಆದರೂ ಬರೆಯಬೇಕು ಅನ್ನಿಸಿತು.

ದುಬೈನಿಂದ ಬೆಂಗಳೂರಿಗೆ ಆಕಾಶದಲ್ಲಿ ನೆಟ್ಟಗೆ ಅಳೆದರೆ ಸುಮಾರು 2,700 ಕಿಲೋಮೀಟರ್. ವಿಮಾನ ಗಂಟೆಗೆ 800ರಿಂದ 850 ಕಿ.ಮೀ. ಹೋಗುತ್ತದೆ. ಭಾಗಿಸಿದರೆ ಮೂರೂಕಾಲು ಗಂಟೆಯ ಆಚೀಚೆ ಬರುತ್ತದೆ. ರನ್‌ವೇ ಮೇಲೆ ಸರತಿಯಲ್ಲಿ ನಿಲ್ಲುವುದು, ಮೇಲೆ ಏರುವುದು, ಇಳಿಯುವ ಮುಂಚೆ ಸುತ್ತು ಹೊಡೆಯುವುದು ಎಲ್ಲ ಸೇರಿಸಿ ಟಿಕೆಟ್‌ನಲ್ಲಿ ಹೆಚ್ಚುಕಡಿಮೆ ನಾಲ್ಕು ಗಂಟೆ ಎಂದು ಹಾಕುತ್ತಾರೆ. ಚಳಿಗಾಲದಲ್ಲಿ ಆ ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವುದರಿಂದ ಊರಿಗೆ ಬರುವಾಗ ಸ್ವಲ್ಪ ಬೇಗ ಆಗುತ್ತದೆ, ಹೋಗುವಾಗ ಸ್ವಲ್ಪ ತಡ. ಮಳೆಗಾಲದಲ್ಲಿ ನಮ್ಮ ದಕ್ಷಿಣದ ಮೇಲೆ ಆ ಮೇಲ್ಗಾಳಿ ದಿಕ್ಕು ಬದಲಿಸಿ ಪೂರ್ವದಿಂದ ಬೀಸುತ್ತದೆ, ಆಗ ಆ ಲಾಭವೂ ಇಲ್ಲ.

ಗಡಿಯಾರದ ಲೆಕ್ಕ ಬೇರೆ. ಅಲ್ಲಿಯ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಳಿಗ್ಗೆ 10ಕ್ಕೆ ಅಲ್ಲಿ ಹತ್ತಿದವರು ಇಲ್ಲಿ ಇಳಿಯುವಾಗ ಮಧ್ಯಾಹ್ನ ಮೂರೂವರೆ. ಇಲ್ಲಿ 10ಕ್ಕೆ ಹತ್ತಿದವರು ಅಲ್ಲಿ ಹನ್ನೆರಡೂವರೆಗೇ ಇಳಿದಿರುತ್ತಾರೆ. "ಬರೋಕೆ ಐದೂವರೆ ಗಂಟೆ, ಹೋಗೋಕೆ ಎರಡೂವರೆನಾ? ಹೋಗೋದು ಮಾತ್ರ ಬೇಗ ಆಯ್ತದಲ್ಲಾ" ಎಂದು ಅಜ್ಜಿ ಒಮ್ಮೆ ಹೇಳಿದ್ದರು. ನಾವು ಕೂತು ಭೂಮಿ ತಿರುಗುವುದನ್ನೆಲ್ಲ ವಿವರಿಸಿದೆವು. ಪೂರ್ತಿ ಕೇಳಿಸಿಕೊಂಡು, "ಅದೇ ನಾನೂ ಹೇಳಿದ್ದು" ಅಂದರು.

ಶಾಲೆಯ ಗ್ಲೋಬ್ ಮೇಲೆ ದಾರ ಹಿಡಿದು ನೋಡಿದ್ದೂ ಉಂಟು. ಅಂಗೈ ಅಗಲದೊಳಗೇ ದುಬೈ ಮತ್ತು ನಮ್ಮೂರು ಎರಡೂ ಸಿಗುತ್ತವೆ. ಆಗ ಒಂದು ವಿಚಿತ್ರ ಕಂಡಿತು. ದುಬೈ ಮೇಲೆ ದಾರದ ಒಂದು ತುದಿ ಹಿಡಿದು ಇನ್ನೊಂದು ತುದಿಯನ್ನು ಬೆಂಗಳೂರಿನಿಂದ ಕೆಳಕ್ಕೆ ಸರಿಸಿದರೆ ಅದು ನೀಲಗಿರಿಯ ಮೇಲೇ ಬಂದು ನಿಲ್ಲುತ್ತದೆ. ಆಮೇಲೆ ಅಕ್ಷಾಂಶ, ರೇಖಾಂಶ ಹಾಕಿ ಲೆಕ್ಕ ಮಾಡಿದೆವು. ದುಬೈನಿಂದ ಬೆಂಗಳೂರು ವಿಮಾನ ನಿಲ್ದಾಣ ಎಷ್ಟು ದೂರವೋ ಮಸಿನಗುಡಿಯೂ ಹತ್ತಿಪ್ಪತ್ತು ಕಿ.ಮೀ. ವ್ಯತ್ಯಾಸದಲ್ಲಿ ಅಷ್ಟೇ ದೂರ. ಅಂದರೆ ಅಪ್ಪ ದೇವನಹಳ್ಳಿಯಲ್ಲಿ ಇಳಿದು, ಇಡೀ ಬೆಂಗಳೂರು ದಾಟಿ, ಮೈಸೂರು, ಗುಂಡ್ಲುಪೇಟೆ, ಬಂಡೀಪುರ, ತೆಪ್ಪಕಾಡು ಅಂತ ಸುಮಾರು 280 ಕಿ.ಮೀ. ರಸ್ತೆಯಲ್ಲಿ ಬಂದರೂ ದುಬೈಗೆ ಅವರು ಇದ್ದಷ್ಟೇ ದೂರ!

ಅಜ್ಜಿಗೆ ಈ ಕಿಲೋಮೀಟರ್ ಯಾವುದೂ ಬೇಕಿರಲಿಲ್ಲ. ಯಾವ ಊರಿನ ಹೆಸರು ಹೇಳಿದರೂ ಅವರ ಪ್ರಶ್ನೆ ಒಂದೇ: "ಹೊತ್ತು ಮುಳುಗೋದ್ರೊಳಗೆ ಮನೆ ಸೇರ್ಕೋಬೋದಾ?" ಸೇರಬಹುದಾದರೆ ಆ ಊರು ಹತ್ತಿರ, ಇಲ್ಲದಿದ್ದರೆ ದೂರ. ತಾತ ಮೋಯಾರ್ ಕ್ಯಾಂಪಿನಲ್ಲಿ ಕರೆಂಟಿನ ಕೆಲಸದಲ್ಲಿದ್ದಾಗ ಅಜ್ಜಿ ಬುತ್ತಿ ಹೊತ್ತು ನಡೆದವರು. ಸಂಜೆಯಾದ ಮೇಲೆ ದಾರಿ ಆನೆಗಳದ್ದು. ನಮ್ಮ ಕಡೆಯ ಹಿರಿಯರೆಲ್ಲ ಹೀಗೆಯೇ ಅಳೆಯುತ್ತಾರೆ. ಗೂಡಲೂರು ಹತ್ತಿರ. ಊಟಿ ಬೇಗ ಹೊರಟರೆ ಹತ್ತಿರ. ಮೈಸೂರು ಆಸ್ಪತ್ರೆಗೆ ಹೋದ ದಿನ ದೂರ. ಅಪ್ಪ ಮೊದಲ ಸಲ ಹೊರಟ ದಿನವೂ ಅಜ್ಜಿ ಕೇಳಿದ್ದು "ದುಬೈ ಎಷ್ಟು ದೂರ ಆಯ್ತದೆ ಕೂಸೇ?" ಎಂದೇ. ನಾಲ್ಕು ಗಂಟೆ ಅಜ್ಜಿ, ಮೈಸೂರಿಗೆ ಬಸ್ಸಿನಲ್ಲಿ ಹೋಗೋ ಹಾಗೆ, ಎಂದೆವು. ಅವರು ಅದನ್ನು ಹಿಡಿದುಕೊಂಡರು. ಯಾರಾದರೂ ಮಗ ಎಲ್ಲಿ ಎಂದು ಕೇಳಿದರೆ "ದುಬೈಲವ್ನೆ, ಮೈಸೂರಷ್ಟೇ ದೂರ" ಎನ್ನುತ್ತಿದ್ದರು.

ಆ ಮಾತು 2020ರಲ್ಲಿ ನಿಂತುಹೋಯಿತು. ಮಾರ್ಚ್ ಕೊನೆಯ ಹೊತ್ತಿಗೆ ಹೊರದೇಶದ ವಿಮಾನಗಳೆಲ್ಲ ನಿಂತವು. ಏಪ್ರಿಲ್‌ನಲ್ಲಿ ತಾತ ತೀರಿಕೊಂಡರು. ವಂದೇ ಭಾರತ್ ವಿಮಾನಗಳು ಶುರುವಾದದ್ದು ಮೇ 7ಕ್ಕೆ. ಆ ಏಪ್ರಿಲ್‌ನಲ್ಲಿ 2,700 ಕಿ.ಮೀ.ಗೆ ಎಷ್ಟು ಗಂಟೆ ಎಂದು ಕೇಳುವುದರಲ್ಲೇ ಅರ್ಥ ಇರಲಿಲ್ಲ. ಅಪ್ಪ ಫೋನಿನಲ್ಲೇ ನೋಡಿದರು. ವಾಟ್ಸಾಪ್ ಕರೆ ಅಲ್ಲಿ ನಡೆಯದ ಕಾರಣ ಬೇರೆ ಆ್ಯಪ್‌ನಲ್ಲಿ ಹಾಕಿದ್ದೆವು. ಸಮಾಧಿಯ ಹತ್ತಿರ ಸಿಗ್ನಲ್ ಇರಲಿಲ್ಲ. ಮಣ್ಣು ಹಾಕುವ ಹೊತ್ತಿಗೆ ಚಿತ್ರ ನಿಂತೇ ಹೋಯಿತು. ಮನೆಗೆ ಬಂದ ಮೇಲೆ ಅಜ್ಜಿ ಅಮ್ಮನಿಗೆ ಒಂದೇ ಮಾತು ಹೇಳಿದರು: "ನನ್ನ ಮಾತ್ರ ಹಂಗೆ ಕಳಿಸಬ್ಯಾಡ ಕಣವ್ವ. ಅವ್ನು ಬಂದು ಮುಖ ನೋಡ್ಲಿ." ಅಮ್ಮ ಆಗಲಿ ಎಂದರು. ಅದು ಮಾತು ಕೊಟ್ಟಂತೆಯೇ.

ಅಜ್ಜಿ ತೀರಿಕೊಂಡದ್ದು ಕಳೆದ ವರ್ಷ ಜುಲೈಯಲ್ಲಿ, ಒಂದು ಬುಧವಾರ ಸಂಜೆ ಆರೂವರೆಗೆ. ಅಲ್ಲಿ ಐದು ಗಂಟೆ. ಅಪ್ಪ ಯಾವುದೋ ಕಟ್ಟಡದ ಮಾಳಿಗೆಯ ಮೇಲೆ ಕೆಲಸದಲ್ಲಿದ್ದರು. ರಜೆ ಸಿಗುವುದು ಕಷ್ಟ ಆಗಲಿಲ್ಲ. ಕಷ್ಟವಾದದ್ದು ಟಿಕೆಟ್. ಜುಲೈ ಎಂದರೆ ಅಲ್ಲಿಯ ಶಾಲೆಗಳಿಗೆ ಬೇಸಿಗೆ ರಜೆ, ಕುಟುಂಬಗಳೆಲ್ಲ ಊರಿಗೆ ಹೊರಡುವ ತಿಂಗಳು. ದರವೂ ಏರಿರುತ್ತದೆ, ಸೀಟೂ ಇರುವುದಿಲ್ಲ. ನಮಗೆ ಅನುಕೂಲ ಎಂದರೆ ಶಾರ್ಜಾದಿಂದ ಕೊಯಮತ್ತೂರು, ಇಲ್ಲವೇ ದುಬೈನಿಂದ ಕೋಯಿಕ್ಕೋಡಿನ ಕರಿಪುರ. ಎರಡೂ ಆ ರಾತ್ರಿ ತುಂಬಿದ್ದವು. ಜೊತೆಯಲ್ಲಿರುವ ಹುಡುಗರೆಲ್ಲ ಒಬ್ಬೊಬ್ಬರು ಒಂದೊಂದು ಫೋನ್ ಹಿಡಿದು ಹುಡುಕಿ, ಕೊನೆಗೆ ಗುರುವಾರ ಬೆಳಿಗ್ಗೆ 10ರ ಬೆಂಗಳೂರು ವಿಮಾನದಲ್ಲಿ ಒಂದು ಸೀಟು ಹಿಡಿದರು. ಹಣವನ್ನೂ ಅವರೇ ಒಟ್ಟುಮಾಡಿದರು. ಅವರಲ್ಲಿ ಇಬ್ಬರು ಪಾಕಿಸ್ತಾನದವರು ಎಂದು ಅಪ್ಪ ಆಮೇಲೆ ಹೇಳಿದರು.

ಇತ್ತ ಮನೆಯಲ್ಲಿ ಲೆಕ್ಕ ಶುರುವಾಯಿತು. ಮೂರೂವರೆಗೆ ಇಳಿದರೆ ನಾಲ್ಕೂವರೆಗೆ ಹೊರಗೆ. ಎಕ್ಸ್‌ಪ್ರೆಸ್‌ವೇ ಆದ ಮೇಲೆ ಬೆಂಗಳೂರಿನ ಹೊರಗಿನಿಂದ ಮೈಸೂರು ಬೇಗ ಬರುತ್ತದೆ, ನಿಜ. ಆದರೆ ಹೆಬ್ಬಾಳದಿಂದ ಊರು ದಾಟಿ ಆ ಎಕ್ಸ್‌ಪ್ರೆಸ್‌ವೇ ಹತ್ತುವುದೇ ಒಂದು ಪ್ರಯಾಣ. ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚುತ್ತದೆ. ಮತ್ತೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಆಗಬಹುದು, ಆಗದೆಯೂ ಇರಬಹುದು. ಸಂಬಂಧಿಕರಲ್ಲಿ ಎರಡು ಪಕ್ಷವಾಯಿತು. ಮಳೆಗಾಲ, ಗುರುವಾರ ಸಂಜೆಯೇ ಮಣ್ಣು ಮಾಡೋಣ, ಫೋನಿನಲ್ಲಿ ತೋರಿಸೋಣ ಎಂದವರು ಕೆಲವರು. ಅವರು ಕೆಟ್ಟದ್ದಕ್ಕೆ ಹೇಳಿದ್ದಲ್ಲ, ದೂರದಿಂದ ಬಂದವರು ಹಿಂದಿರುಗಬೇಕು, ಅವರಿಗೂ ಅದೇ ಗೇಟು. ಅಮ್ಮ ಹೆಚ್ಚು ಮಾತಾಡಲಿಲ್ಲ. "ಅತ್ತೆ ನನ್ನ ಹತ್ರ ಹೇಳಿದ್ದರು" ಎಂದಷ್ಟೇ. ಫಾದರ್ ಬಂದು ಎಲ್ಲರ ಮಾತನ್ನೂ ಕೇಳಿ, ಶುಕ್ರವಾರ ಬೆಳಿಗ್ಗೆ 10ಕ್ಕೆ ಬಲಿಪೂಜೆ ಇಟ್ಟುಕೊಳ್ಳೋಣ ಎಂದರು. ಗೂಡಲೂರಿನಿಂದ ಫ್ರೀಜರ್ ಬಾಕ್ಸ್ ಬಂತು. ಅದೂ ರಾತ್ರಿ ಗೇಟು ಮುಚ್ಚುವುದರೊಳಗೆ ಬರಬೇಕಿತ್ತು, ಹತ್ತು ನಿಮಿಷ ಉಳಿಸಿಕೊಂಡು ಬಂತು. ಗುರುವಾರ ಎರಡು ಸಲ ಕರೆಂಟ್ ಹೋಯಿತು. ಸಿಂಗಾರ, ಮೋಯಾರ್ ಎರಡು ಪವರ್‌ಹೌಸ್ ಪಕ್ಕದಲ್ಲಿಟ್ಟುಕೊಂಡು ಕರೆಂಟಿಗಾಗಿ ಕಾಯುವುದು ನಮ್ಮೂರಿಗೆ ಅಭ್ಯಾಸವೇ. ಪಕ್ಕದ ಮನೆಯ ಹೋಂಸ್ಟೇ ಅಣ್ಣ ಜನರೇಟರ್ ತಂದು ನಿಲ್ಲಿಸಿದರು.

ಗುರುವಾರ ರಾತ್ರಿ ಎಂಟಕ್ಕೆ ಅಪ್ಪ ಮೈಸೂರು ದಾಟುತ್ತಿದ್ದೇನೆ ಎಂದರು. ನಂಜನಗೂಡಿನ ಹತ್ತಿರ ಜೋರು ಮಳೆ. ಗುಂಡ್ಲುಪೇಟೆ ಮುಟ್ಟಿದಾಗ ಒಂಬತ್ತು ದಾಟಿ ಹತ್ತು ನಿಮಿಷ. ಗೇಟು ಅಲ್ಲಿಂದ ಇನ್ನೂ ಮುಂದೆ, ಮೇಲುಕಾಮನಹಳ್ಳಿಯಲ್ಲಿ. ಅಲ್ಲಿಯವರೆಗೆ ಹೋಗಿ ನೋಡಿದರು, ಕಂಬ ಅಡ್ಡ ಬಿದ್ದಿತ್ತು.

ಬೇರೆ ದಾರಿ ಇಲ್ಲವೇ ಎಂದು ನೀವು ಕೇಳಬಹುದು. ನಾವೂ ಮ್ಯಾಪ್ ಹಿಡಿದು ಕೂತಿದ್ದೆವು. ರಾತ್ರಿ ತೆರೆದಿರುವುದು ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ವಯನಾಡಿಗೆ ಇಳಿಯುವ ರಸ್ತೆ. ಅಲ್ಲಿಂದ ಸುಲ್ತಾನ್ ಬತ್ತೇರಿ, ಗೂಡಲೂರು. ಆದರೆ ಗೂಡಲೂರಿನಿಂದ ತೆಪ್ಪಕಾಡಿಗೆ ಬರುವುದು ಮುದುಮಲೈ ಕಾಡಿನೊಳಗೆ, ಅದೂ ರಾತ್ರಿ ಬಂದ್. ಮತ್ತೆ 50 ಕಿ.ಮೀ. ಊಟಿಗೆ ಹತ್ತಿ, 36 ತಿರುವಿನ ಕಲ್ಲಟ್ಟಿ ಘಾಟಿನಲ್ಲಿ ಇಳಿಯಬೇಕು. ಮಂಜು, ಮಳೆ, ಹಗಲೆಲ್ಲ ಓಡಿಸಿದ ಡ್ರೈವರ್. ದಿಂಬಂ ಘಾಟಿನಲ್ಲೂ ರಾತ್ರಿ ತಡೆ ಇದೆ. ಅಮ್ಮ ಫೋನ್ ತೆಗೆದುಕೊಂಡು, "ಬೇಡ ರೀ, ಅಲ್ಲೇ ಇರಿ. ನಾವು ಕಾಯ್ತೀವಿ" ಎಂದರು.

ಹಾಗಾಗಿ 2,700 ಕಿ.ಮೀ.ಯನ್ನು ನಾಲ್ಕು ಗಂಟೆಯಲ್ಲಿ ದಾಟಿ ಬಂದ ಅಪ್ಪ, ಮನೆಗೆ 45 ಕಿ.ಮೀ. ಇರುವಾಗ ಗುಂಡ್ಲುಪೇಟೆಯಲ್ಲಿ ಒಂಬತ್ತು ಗಂಟೆ ಹೊತ್ತು ಕೂತರು. ಲಾಡ್ಜ್ ಇತ್ತು, ಹೋಗಲಿಲ್ಲ. ಡ್ರೈವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ತಾವು ಮುಂದೆ ಕೂತರು. ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿದರಂತೆ, ಮೂರು ಸಲವೋ ನಾಲ್ಕು ಸಲವೋ.

ಇತ್ತ ಮನೆಯಲ್ಲಿ ಜಪಸರ ಮುಗಿದ ಮೇಲೆ ಜನ ಅಂಗಳದಲ್ಲಿ ತಾಡಪಾಲು ಕಟ್ಟಿಕೊಂಡು ಬೆಂಕಿ ಹಾಕಿ ಕೂತರು. ಅಪ್ಪ ಎಲ್ಲಿದ್ದಾರೆ ಎಂಬುದೇ ಮಾತು. ಆಗ ಗೂಡಲೂರು ಕಡೆಯಿಂದ ಬಂದಿದ್ದ, ನಮ್ಮ ಅತ್ತೆಯ ಮನೆಯ ಪಕ್ಕದ ಒಬ್ಬ ತಾತ ತಮ್ಮ ಕಥೆ ತೆಗೆದರು. ಅವರು ಟ್ಯಾನ್‌ಟೀ ತೋಟದಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಹುಟ್ಟಿದ್ದು ಶ್ರೀಲಂಕಾದ ಕ್ಯಾಂಡಿ ಹತ್ತಿರದ ಟೀ ತೋಟದಲ್ಲಿ. ನಮ್ಮಲ್ಲಿ ಅನೇಕರಿಗೆ ಇದು ಗೊತ್ತು: 1964ರ ಅಕ್ಟೋಬರ್‌ನಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರೂ ಸಿರಿಮಾವೋ ಬಂಡಾರನಾಯಕೆಯವರೂ ಮಾಡಿಕೊಂಡ ಒಪ್ಪಂದದ ಪ್ರಕಾರ 5,25,000 ಜನರನ್ನು ಭಾರತ ವಾಪಸ್ ತೆಗೆದುಕೊಳ್ಳಬೇಕಾಯಿತು. ಅವರಿಗೆ ಕೆಲಸ ಕೊಡಲೆಂದೇ ತಮಿಳುನಾಡು ಅರಣ್ಯ ಇಲಾಖೆ 1968ರಲ್ಲಿ ನೀಲಗಿರಿಯಲ್ಲಿ ಸರ್ಕಾರಿ ಟೀ ತೋಟ ಶುರುಮಾಡಿತು, ಅದೇ ಮುಂದೆ ಟ್ಯಾನ್‌ಟೀ ಆಯಿತು.

ಆ ತಾತ ಬಂದದ್ದು ರೈಲಿನಲ್ಲಿ ತಲೈಮನ್ನಾರ್‌ಗೆ, ಅಲ್ಲಿಂದ ಹಡಗಿನಲ್ಲಿ ರಾಮೇಶ್ವರಕ್ಕೆ, ಮಂಡಪಂ ಕ್ಯಾಂಪಿನಲ್ಲಿ ಕೆಲವು ದಿನ, ಮತ್ತೆ ರೈಲು, ಮತ್ತೆ ಲಾರಿ. ಒಟ್ಟು ಎಷ್ಟು ದಿನ ಎಂದು ಕೇಳಿದೆವು. ಅವರು ಎಣಿಸಿಲ್ಲವಂತೆ. ಅವರ ತಾಯಿ ಅಣ್ಣನ ಜೊತೆ ಅಲ್ಲೇ ಉಳಿದರು. ತಾಯಿ ತೀರಿಕೊಂಡ ಸುದ್ದಿ ಕಾಗದದಲ್ಲಿ ಬರುವ ಹೊತ್ತಿಗೆ ಅಲ್ಲಿ ತಿಂಗಳಿನ ಪೂಜೆಯೂ ಆಗಿಹೋಗಿತ್ತು. ನಾವು ಮರುದಿನ ಸುಮ್ಮನೆ ಲೆಕ್ಕ ಹಾಕಿದೆವು, ಕೊಲಂಬೊ ವಿಮಾನ ನಿಲ್ದಾಣದಿಂದ ಕೊಯಮತ್ತೂರಿಗೆ ನೆಟ್ಟಗೆ 530 ಕಿ.ಮೀ.ಯ ಆಸುಪಾಸು. ವಿಮಾನಕ್ಕೆ ಒಂದು ಗಂಟೆ, ಮೇಲೆ ಸ್ವಲ್ಪ. ಅದನ್ನು ಅವರಿಗೆ ಹೇಳಲಿಲ್ಲ. ಅವರು ಆ ರಾತ್ರಿ ಅಮ್ಮನಿಗೆ ಹೇಳಿದ್ದು ಇಷ್ಟು: "ನಿಮ್ಮ ಯಜಮಾನರು ಗುಂಡ್ಲುಪೇಟೆಯಲ್ಲಿದ್ದಾರಲ್ಲಮ್ಮ. ಬಂದೇ ಬಿಟ್ಟ ಹಾಗೆ."

ಗೇಟಿನ ಬಗ್ಗೆ ಒಂದು ಮಾತು. ರಾತ್ರಿ ಸಂಚಾರ ನಿಷೇಧ 2009ರಿಂದ ಇದೆ. ರಾತ್ರಿ ಲಾರಿಗಳಿಗೆ ಸಿಕ್ಕಿ ಜಿಂಕೆ, ಚಿರತೆ, ಆನೆ ಸಾಯುತ್ತಿದ್ದವು ಎಂಬ ಕಾರಣಕ್ಕೆ ಬಂದದ್ದು. ಆಂಬುಲೆನ್ಸಿಗೆ ವಿನಾಯಿತಿ ಇದೆ, ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗೂ ಇದೆ. ಆ ರಾತ್ರಿಯ ನಂತರ ನಮ್ಮ ಸಂಬಂಧಿಕರಲ್ಲಿ ಕೆಲವರು ನಿಷೇಧ ತೆಗೆಯಬೇಕು ಎಂದು ಜೋರಾಗಿ ಹೇಳುತ್ತಾರೆ. ನಮಗೆ ಹಾಗೆ ಅನ್ನಿಸುವುದಿಲ್ಲ. ಮಸಿನಗುಡಿಯಲ್ಲಿ ಹುಟ್ಟಿದವರಿಗೆ ರಸ್ತೆ ಬದಿಯಲ್ಲಿ ಸತ್ತು ಬಿದ್ದ ಜಿಂಕೆ ನೋಡಿ ಗೊತ್ತು. ಹಗಲು ಪೂರ್ತಿ ರಸ್ತೆ ನಮ್ಮದೇ. ಅಪ್ಪನೂ ಗೇಟಿನವರ ಹತ್ತಿರ ವಾದ ಮಾಡಲಿಲ್ಲ. ಆದರೆ ಸಾವಿಗೆ ಬರುವ ಮಕ್ಕಳನ್ನು, ಕಾಗದ ನೋಡಿ, ಇಲಾಖೆಯ ಜೀಪಿನ ಹಿಂದೆ ನಿಧಾನವಾಗಿ ದಾಟಿಸುವ ಒಂದು ವ್ಯವಸ್ಥೆ ಇರಬಾರದೇ ಎಂದು ಕೇಳುವುದು ತಪ್ಪಲ್ಲ. ವರ್ಷಕ್ಕೆ ಎಷ್ಟು ಜನ ಬಂದಾರು?

ಶುಕ್ರವಾರ ಬೆಳಿಗ್ಗೆ ಐದೂವರೆಗೇ ಗೇಟಿನ ಮುಂದೆ ಸಾಲು. ಊಟಿಗೆ ಹೊರಟ ಟೂರಿಸ್ಟ್ ಕಾರುಗಳು, ಹಾಡು ಹಾಕಿಕೊಂಡು. ಆರಕ್ಕೆ ಬಿಟ್ಟರು. ಬಂಡೀಪುರ ದಾಟಿದ ಮೇಲೆ ಆನೆಗಳ ಗುಂಪೊಂದು ರಸ್ತೆ ದಾಟುತ್ತಿತ್ತು, ಮರಿಯೂ ಇತ್ತು. ಎಲ್ಲ ವಾಹನಗಳೂ ನಿಂತವು. ಮುಂದಿನ ಕಾರಿನವರು ಫೋಟೋ ತೆಗೆಯುತ್ತಿದ್ದರಂತೆ. ಅಪ್ಪ ಏಳೂಕಾಲಿಗೆ ಬಂದರು. ಕೈಯಲ್ಲಿ ಒಂದೇ ಒಂದು ಸಣ್ಣ ಬ್ಯಾಗ್, ಮೈಮೇಲೆ ಕಂಪನಿಯ ಅಂಗಿ. ಬಾಕ್ಸಿನ ಗಾಜು ತೆಗೆಯಲು ಹೇಳಿದರು. ಅಜ್ಜಿಯ ಕೆನ್ನೆ ಮುಟ್ಟಿ, "ಅವ್ವಾ, ತಡ ಆಯ್ತು" ಎಂದರು. ಅದಕ್ಕಿಂತ ಹೆಚ್ಚು ಇಲ್ಲಿ ಬರೆಯುವುದಿಲ್ಲ.

ಈಗ ನಮ್ಮ ಮನೆಯ ಬೀರುವಿನ ಒಳಬಾಗಿಲಿಗೆ ಒಂದು ಕಾಗದ ಅಂಟಿಸಿದ್ದೇವೆ. ಅಪ್ಪನೇ ಬರೆದದ್ದು. ಬೆಂಗಳೂರಿನಲ್ಲಿ ಮಧ್ಯಾಹ್ನ 12ರೊಳಗೆ ಇಳಿಯುವ ವಿಮಾನವಾದರೆ ಅದೇ ದಿನ ಮನೆ, ಆಮೇಲೆ ಇಳಿದರೆ ಮರುದಿನ ಎಂದೇ ಲೆಕ್ಕ. ಕರಿಪುರದಲ್ಲಿ ಮೂರರೊಳಗೆ ಇಳಿದರೆ ನಿಲಂಬೂರು, ನಾಡುಕಾಣಿ ಘಾಟ್ ಹತ್ತಿ, ತೊರಪಳ್ಳಿ ಗೇಟನ್ನು 9ರೊಳಗೆ ದಾಟಬಹುದು. ಕೊಯಮತ್ತೂರಿನಲ್ಲಿ ನಸುಕಿನಲ್ಲಿ ಇಳಿಯುವುದು ಎಲ್ಲಕ್ಕಿಂತ ಒಳ್ಳೆಯದು. ಮೇಟುಪಾಳಯಂ, ಕುನ್ನೂರು, ಊಟಿ, ಕಲ್ಲಟ್ಟಿ ಮೇಲೆ ಸುಮಾರು 115 ಕಿ.ಮೀ., ಕಾಡಿನ ಗೇಟಿನ ಗೊಡವೆ ಇಲ್ಲ. ಆದರೆ ಮಳೆಯಲ್ಲಿ ಕುನ್ನೂರು ಘಾಟ್ ತೆರೆದಿದೆಯೇ ಎಂದು ಮೊದಲು ವಿಚಾರಿಸಬೇಕು. 2009ರ ನವೆಂಬರ್‌ನಲ್ಲಿ ಭೂಕುಸಿತಕ್ಕೆ 40ಕ್ಕೂ ಹೆಚ್ಚು ಜನ ಸತ್ತ ವರ್ಷ ಆ ರಸ್ತೆಗಳ ಗತಿ ಏನಾಗಿತ್ತು ಎಂದು ಹಿರಿಯರಿಗೆ ನೆನಪಿದೆ. ಕಾಗದದ ಕೆಳಗೆ ಪಾಸ್‌ಪೋರ್ಟ್ ನಂಬರ್, ಕಂಪನಿಯ ಮ್ಯಾನೇಜರ್ ನಂಬರ್, ರಾತ್ರಿಯೂ ಫೋನ್ ಎತ್ತುವ ಇಬ್ಬರು ಡ್ರೈವರ್‌ಗಳ ನಂಬರ್ ಇವೆ. ಹೊರದೇಶದಲ್ಲಿ ಯಾರಾದರೂ ಇರುವ ಮನೆಯವರು ಇಂಥದ್ದೊಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಸಾವಿನ ಮನೆಯಲ್ಲಿ ಕೂತು ಮ್ಯಾಪ್ ನೋಡುವುದು ಕಷ್ಟ.

ಅಪ್ಪನಿಗೆ ಸಿಕ್ಕಿದ್ದು ಹತ್ತು ದಿನದ ರಜೆ. ಹಿಂದಿರುಗುವಾಗ ಕರಿಪುರದಿಂದ ರಾತ್ರಿ 10ರ ವಿಮಾನ. ನಾವಿಬ್ಬರೂ ಅಮ್ಮನೂ ಜೀಪಿನಲ್ಲಿ ಹೋಗಿ ಬಿಟ್ಟುಬಂದೆವು. ಅವರು ಏಳಕ್ಕೆ ಒಳಗೆ ಹೋದರು. ನಾವು ನಿಲಂಬೂರಿನಲ್ಲಿ ಪರೋಟ ತಿಂದು, ನಾಡುಕಾಣಿ ಹತ್ತಿ ಗೂಡಲೂರಿಗೆ ಬರುವಾಗ ಹತ್ತೂವರೆ. ತೊರಪಳ್ಳಿ ಗೇಟು ಮುಚ್ಚಿ ಎಷ್ಟೋ ಹೊತ್ತಾಗಿತ್ತು. ಅತ್ತೆಯ ಮನೆಯಲ್ಲಿ ಚಾಪೆ ಹಾಕಿಸಿಕೊಂಡು ಮಲಗಿದೆವು. ಬೆಳಿಗ್ಗೆ ಐದಕ್ಕೆ ಎದ್ದು ಫೋನ್ ನೋಡಿದರೆ ರಾತ್ರಿ ಮೂರೂಮುಕ್ಕಾಲಿಗೆ ಅಪ್ಪನ ಮೆಸೇಜ್ ಬಂದಿತ್ತು: "ರೂಮಿಗೆ ಬಂದೆ. ನೀವು ಮನೆ ಸೇರಿದ್ರಾ?"